ಆರ್‌ವಿ ಕೊಂಡವರಿಗೆ ಎರಡು ದಿನದ ಪಾಠ: ಒಂದು ಸೀಸನ್ ಓಡಾಡಿದ ಮೇಲೆ ನನ್ನ ಅನಿಸಿಕೆ

ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಆರ್‌ವಿ, ಅಂದರೆ ಪ್ರಯಾಣಕ್ಕೆ ಅಂತ ಇರುವ ಚಕ್ರದ ಮೇಲಿನ ಮನೆ, ತಗೊಂಡವರು ಇಂಥ ಒಂದು ಪಾಠ ಹೇಳಿಸಿಕೊಳ್ಳಲೇಬೇಕು. ನಾವು ಹೇಳಿಸಿಕೊಂಡೆವು, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಹಾಗಂತ ಎಲ್ಲವೂ ಚೆನ್ನಾಗಿತ್ತು ಅಂತ ಬರೆದರೆ ಸುಳ್ಳಾಗುತ್ತದೆ. ಎರಡು ಮುಖ್ಯ ವಿಷಯದಲ್ಲಿ ಪಾಠ ಸಾಲದಾಯಿತು. ಅದರಲ್ಲಿ ಒಂದರಿಂದ ನಮಗೆ ಒಂದು ರಾತ್ರಿ ತೊಂದರೆಯೂ ಆಯಿತು. ಪಾಠ ಮುಗಿದ ತಕ್ಷಣ ಬರೆಯದೆ, ಟ್ರೇಲರಿನಲ್ಲಿ 31 ರಾತ್ರಿ ಮಲಗಿ ಎದ್ದ ಮೇಲೆ ಬರೆಯುತ್ತಿರುವುದು ಅದಕ್ಕೇ.

ನಮ್ಮದು 24 ಅಡಿಯ ಟ್ರಾವೆಲ್ ಟ್ರೇಲರ್. ಇಂಜಿನ್ ಇರುವ ಮೋಟರ್‌ಹೋಮ್ ಅಲ್ಲ, ಪಿಕಪ್ ಹಿಂದೆ ಕಟ್ಟಿ ಎಳೆಯುವಂಥದ್ದು. ಇದನ್ನು ತಗೊಳ್ಳುವ ಮುಂಚೆ ಒಂದು ಮೋಟರ್‌ಹೋಮನ್ನು ನಾಲ್ಕು ದಿನ ಬಾಡಿಗೆಗೆ ಪಡೆದು ನೋಡಿದ್ದೆವು. ಒಂದು ಕಡೆ ಬೀಡುಬಿಟ್ಟ ಮೇಲೆ ಸಣ್ಣ ಕೆಲಸಕ್ಕೆ ಹೊರಗೆ ಹೋಗಬೇಕೆಂದರೂ ನೀರಿನ ಪೈಪು, ಕರೆಂಟಿನ ವೈರು ಎಲ್ಲ ಬಿಚ್ಚಿ ಇಡೀ ಮನೆಯನ್ನೇ ಓಡಿಸಿಕೊಂಡು ಹೋಗಬೇಕಿತ್ತು. ಅದು ನಮಗೆ ಒಗ್ಗಲಿಲ್ಲ. ಟ್ರೇಲರ್ ಆದರೆ ಅದನ್ನು ಬಿಚ್ಚಿಟ್ಟು ಪಿಕಪ್ ಮಾತ್ರ ತಗೊಂಡು ಹೋಗಬಹುದು. ಯಾರಿಗೆ ಯಾವುದು ಒಗ್ಗುತ್ತದೋ ಹೇಳಲಾಗದು. ಆದರೆ ಬಾಡಿಗೆಗೆ ತಗೊಂಡು ನಾಲ್ಕು ರಾತ್ರಿ ಮಲಗದೆ ಕೊಂಡುಕೊಳ್ಳಬೇಡಿ.

ಟ್ರೇಲರ್ ಕೈಗೆ ಬಂದ ದಿನ ಮಾರಿದವರ ಕಡೆಯ ಹುಡುಗ ಅರ್ಧ ಗಂಟೆಯಲ್ಲಿ ಎಲ್ಲ ತೋರಿಸಿ ಮುಗಿಸಿದ. ಇದು ಗ್ಯಾಸ್, ಇದು ನೀರಿನ ಪಂಪು, ಇದು ಹೀಟರ್, ಇಲ್ಲಿ ಸಹಿ ಹಾಕಿ. ನಾನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡಿದ್ದೆ. ಮನೆಗೆ ಬಂದು ನೋಡಿದರೆ ಅದರಲ್ಲಿ ಕಾಣಿಸಿದ್ದು ಆ ಹುಡುಗನ ಬೆನ್ನು ಮತ್ತು ಅರ್ಧ ತೆರೆದ ಒಂದು ಕಪಾಟು. ಮೂರು ವಾರ ಟ್ರೇಲರ್ ನಿಂತ ಕಡೆಯೇ ನಿಂತಿತ್ತು. ದಿನಾ ಸಂಜೆ ಅದರ ಬಾಗಿಲು ತೆಗೆದು ಒಳಗೆ ಕೂತು ಬರುತ್ತಿದ್ದೆ. ಯಾವ ಸ್ವಿಚ್ಚನ್ನೂ ಮುಟ್ಟಲು ಧೈರ್ಯ ಬರಲಿಲ್ಲ. ಅಂಥ ಸಮಯದಲ್ಲಿ ಈ ಪಾಠದ ವಿಷಯ ಗೊತ್ತಾಗಿದ್ದು.

ಕಲಿಸುವವರು ಅರವತ್ತು ದಾಟಿದ ಒಬ್ಬ ಹೆಂಗಸು. ತುಂಬಾ ವರ್ಷ ಟ್ರೇಲರಿನಲ್ಲೇ ಸಂಸಾರ ಮಾಡಿದವರು. ಅವರು ನಮ್ಮ ಟ್ರೇಲರ್ ಇರುವಲ್ಲಿಗೇ ಬರುತ್ತಾರೆ. ಇದು ಬಹಳ ಮುಖ್ಯ. ಅವರ ಗಾಡಿಯಲ್ಲಿ ಕಲಿತರೆ ಅವರ ಗಾಡಿ ಗೊತ್ತಾಗುತ್ತದೆ, ನಮ್ಮದು ಗೊತ್ತಾಗುವುದಿಲ್ಲ. ಮೊದಲ ದಿನ ನೀರು, ಕರೆಂಟು, ಗ್ಯಾಸು, ಕೊಳಕು ನೀರು. ಎರಡನೇ ದಿನ ತೂಕ, ಕಟ್ಟುವುದು, ಬಿಚ್ಚುವುದು, ಓಡಿಸುವುದು. ಬಂದ ತಕ್ಷಣ ಅವರು ಒಂದು ಮಾತು ಹೇಳಿದರು. 'ನಾನು ಯಾವುದನ್ನೂ ಮುಟ್ಟಲ್ಲ. ಮುಟ್ಟೋದೆಲ್ಲ ನೀವಿಬ್ಬರೇ.' ಎರಡು ದಿನವೂ ಕೈ ಹಿಂದೆ ಕಟ್ಟಿಕೊಂಡೇ ಇದ್ದರು. ನನಗೆ ಈ ಪಾಠ ಇಷ್ಟವಾಗಲು ಮೊದಲ ಕಾರಣ ಇದೇ.

ಅದು ಎಷ್ಟು ಉಪಯೋಗಕ್ಕೆ ಬಂತು ಅನ್ನುವುದಕ್ಕೆ ಬಿಸಿನೀರಿನ ಕಥೆ ಹೇಳಲೇಬೇಕು. ಟೀಚರ್ ಕೇಳಿದರು, 'ಬಿಸಿನೀರು ಬೇಕು. ಏನು ಮಾಡ್ತೀರಿ?' ನಮ್ಮ ಯಜಮಾನರು ನೇರವಾಗಿ ಹೀಟರ್ ಸ್ವಿಚ್ಚಿಗೆ ಕೈ ಹಾಕಿದರು. 'ನಿಲ್ಲಿ. ಹೀಟರಿನ ಟ್ಯಾಂಕಲ್ಲಿ ನೀರಿದೆ ಅಂತ ಹೇಗೆ ಗೊತ್ತು?' ಅಂದರು ಅವರು. ನಾನು ಅಡುಗೆಮನೆಯ ಬಿಸಿನೀರಿನ ನಲ್ಲಿ ತಿರುಗಿಸಿದೆ. ಸ್ವಲ್ಪ ಹೊತ್ತು ಗಾಳಿ ಬುಸುಗುಟ್ಟಿ ಆಮೇಲೆ ನೀರು ಧಾರೆಯಾಗಿ ಬಂತು. ನೀರು ಬಂತಲ್ಲ, ಟ್ಯಾಂಕ್ ತುಂಬಿದೆ ಅಂತ ನಾವಿಬ್ಬರೂ ಅಂದುಕೊಂಡೆವು. ಅವರು ತಲೆ ಅಲ್ಲಾಡಿಸಿ ನಮ್ಮನ್ನು ಹೊರಗೆ ಕರೆದುಕೊಂಡು ಹೋದರು. ಹೀಟರಿನ ಮುಚ್ಚಳ ತೆಗೆಸಿ, ಅಲ್ಲಿರುವ ಸುರಕ್ಷತಾ ವಾಲ್ವಿನ ಸಣ್ಣ ಹಿಡಿಯನ್ನು ಮೇಲಕ್ಕೆತ್ತಲು ಹೇಳಿದರು. ಎತ್ತಿದೆ. ಒಂದು ಹನಿ ನೀರೂ ಬರಲಿಲ್ಲ. ಹೀಟರ್ ಪೂರ್ತಿ ಖಾಲಿ!

ಆಮೇಲೆ ಒಳಗೆ ಬಂದು ಮಂಚದ ಹಲಗೆ ಎತ್ತಿಸಿದರು. ಅಲ್ಲಿ ಮೂರು ಸಣ್ಣ ವಾಲ್ವು. ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಪೈಪಿಗೆ ಅಡ್ಡವಾಗಿದ್ದರೆ ಮುಚ್ಚಿದೆ. ಚಳಿಗಾಲದಲ್ಲಿ ಗಾಡಿಯನ್ನು ಸುಮ್ನೆ ನಿಲ್ಲಿಸುವಾಗ ಹೀಟರಿಗೆ ನೀರು ಹೋಗದಂತೆ ಅಡ್ಡದಾರಿ ಮಾಡಿಟ್ಟಿರುತ್ತಾರೆ. ಅದಕ್ಕೆ ಬೈಪಾಸ್ ಅಂತ ಹೆಸರು. ಮಾರಿದವರು ಅದನ್ನು ಹಾಗೇ ಬಿಟ್ಟು ಕೊಟ್ಟಿದ್ದರು. ತಣ್ಣೀರು ಹೀಟರಿನೊಳಗೆ ಹೋಗದೆ ಆ ಅಡ್ಡದಾರಿಯಲ್ಲಿ ಬಿಸಿನೀರಿನ ನಲ್ಲಿಗೆ ಬರುತ್ತಿತ್ತು. ಆ ಹೊತ್ತಿನಲ್ಲಿ ಕರೆಂಟಿನ ಸ್ವಿಚ್ ಹಾಕಿದ್ದರೆ ನೀರಿಲ್ಲದ ಟ್ಯಾಂಕಿನಲ್ಲಿ ಎಲಿಮೆಂಟ್ ಸುಟ್ಟುಹೋಗುತ್ತಿತ್ತು. ಮೂರೂ ಹಿಡಿಗಳನ್ನು ನಾನೇ ತಿರುಗಿಸಿದೆ. ಎಲ್ಲಿವೆ, ಯಾವುದು ಯಾವ ಕಡೆ ಇರಬೇಕು ಅನ್ನುವುದು ಈಗಲೂ ಕೈಗೆ ನೆನಪಿದೆ. ಆ ವಾಲ್ವಿನ ಹಿಡಿ ಎತ್ತಿ ನೋಡುವುದನ್ನು ಹೀಟರ್ ತಣ್ಣಗಿದ್ದಾಗ ಮಾತ್ರ ಮಾಡಿ. ಬಿಸಿ ಇದ್ದರೆ ಕೈ ಮುಖ ಸುಡುತ್ತದೆ.

ನೀರಿನ ಬಗ್ಗೆ ಅವರು ಹೇಳಿದ ಇನ್ನೆರಡು ಮಾತು. ಕ್ಯಾಂಪ್‌ಗ್ರೌಂಡಿನ ನಲ್ಲಿಯಲ್ಲಿ ಒತ್ತಡ ಎಷ್ಟಿರುತ್ತದೆ ಅಂತ ಹೇಳಲಾಗದು. ಆರ್‌ವಿಯ ಪೈಪುಗಳು ತೆಳು. ಹಾಗಾಗಿ ನಲ್ಲಿಗೆ ಮೊದಲು ಒತ್ತಡ ಇಳಿಸುವ ರೆಗ್ಯುಲೇಟರ್, ಆಮೇಲೆ ಪೈಪು. ಒತ್ತಡ 40ರಿಂದ 50 ಪಿಎಸ್‌ಐ ಇದ್ದರೆ ಸಾಕು. ಕುಡಿಯುವ ನೀರಿನ ಪೈಪು ಬೇರೆ, ಕೊಳಕು ತೊಳೆಯುವ ಪೈಪು ಬೇರೆ, ಎರಡನ್ನೂ ಒಂದೇ ಡಬ್ಬದಲ್ಲಿ ಇಡಲೂಬಾರದು. ನಾವು ಬಣ್ಣದಲ್ಲೇ ಬೇರೆ ಮಾಡಿಕೊಂಡಿದ್ದೇವೆ, ಬಿಳಿ ಕುಡಿಯುವುದಕ್ಕೆ, ಕಿತ್ತಳೆ ತೊಳೆಯುವುದಕ್ಕೆ.

ಕರೆಂಟಿನ ಪಾಠವನ್ನು ಅವರು ಮಾಡಿದ ರೀತಿ ನನಗೆ ತುಂಬಾ ಹಿಡಿಸಿತು. ನಮ್ಮ ಟ್ರೇಲರಿಗೆ 30 ಆಂಪ್ ಸಂಪರ್ಕ, 120 ವೋಲ್ಟ್. ಗುಣಿಸಿದರೆ 3600 ವಾಟ್. ಅಷ್ಟರಲ್ಲೇ ಎಲ್ಲ ನಡೆಯಬೇಕು. ಎಸಿ ಓಡುವಾಗ ಸುಮಾರು 1500 ವಾಟ್ ಎಳೆಯುತ್ತದೆ, ಬಿಸಿನೀರಿನ ಹೀಟರ್ ಸುಮಾರು 1400, ನೀರು ಕಾಯಿಸುವ ಕೆಟಲ್ 1500. ಬಾಯಲ್ಲಿ ಹೇಳಿ ಬಿಡಲಿಲ್ಲ. ಎಸಿ ಹಾಕಿಸಿದರು, ಹೀಟರ್ ಹಾಕಿಸಿದರು, ಆಮೇಲೆ ಕೆಟಲ್ ಹಾಕಿ ಅಂದರು. ಸ್ವಲ್ಪ ಹೊತ್ತಿಗೆ ಟಕ್ ಅಂತ ಎಲ್ಲ ಆರಿಹೋಯಿತು. 'ಈಗ ನೀವೇ ಸರಿಮಾಡಿ.' ಬ್ರೇಕರ್ ಎಲ್ಲಿದೆ, ಒಳಗಿನದು ಬಿತ್ತೋ ಕರೆಂಟು ಕೊಡುವ ಹೊರಗಿನ ಕಂಬದ್ದು ಬಿತ್ತೋ ಅಂತ ನಾವೇ ಹುಡುಕಿ ಎತ್ತಿದೆವು. ಈಗ ಕೆಟಲ್ ಹಾಕುವ ಮುಂಚೆ 'ಹೀಟರ್ ಆರಿಸಿದೆಯಾ?' ಅಂತ ಕೇಳುವುದು ಅಭ್ಯಾಸವಾಗಿದೆ.

ಕಂಬಕ್ಕೆ ಪ್ಲಗ್ ಹಾಕುವ ಮುಂಚೆ ಬ್ರೇಕರ್ ಆರಿಸಬೇಕು, ತೆಗೆಯುವಾಗಲೂ ಹಾಗೇ. ಮೊದಲು ಸರ್ಜ್ ಪ್ರೊಟೆಕ್ಟರ್ ಹಾಕಿ ಅದು ಸರಿ ಅಂದರೆ ಮಾತ್ರ ಟ್ರೇಲರ್ ಜೋಡಿಸಬೇಕು. ಕಂಬದಲ್ಲಿ ವೈರು ಅದಲುಬದಲಾಗಿದ್ದರೆ, ವೋಲ್ಟೇಜ್ ತೀರಾ ಇಳಿದಿದ್ದರೆ ಅದು ತೋರಿಸುತ್ತದೆ. ಇದಕ್ಕೆ ಸೇರಿಸಿ ಇನ್ನೊಂದು ಎಚ್ಚರಿಕೆ ಕೊಟ್ಟರು. ಮನೆಯ ಹತ್ತಿರ ಟ್ರೇಲರಿಗೆ ಅಂತ 30 ಆಂಪಿನ ಸಾಕೆಟ್ ಹಾಕಿಸುವಾಗ, ಆರ್‌ವಿ ಗೊತ್ತಿಲ್ಲದ ಎಲೆಕ್ಟ್ರಿಷಿಯನ್ ಅದನ್ನು ಬಟ್ಟೆ ಒಣಗಿಸುವ ಮೆಷಿನ್ನಿನ 240 ವೋಲ್ಟಿನ ಸಾಕೆಟ್ ಅಂದುಕೊಂಡು ಜೋಡಿಸಿಬಿಡಬಹುದು. ಹಾಗೆ ಆದರೆ ಒಳಗಿರುವ ಮೈಕ್ರೊವೇವ್, ಚಾರ್ಜರ್ ಎಲ್ಲ ಒಟ್ಟಿಗೆ ಹೋಗುತ್ತವೆ. ಆರ್‌ವಿಯ 30 ಆಂಪ್ ಅಂದರೆ 120 ವೋಲ್ಟ್ ಅಂತ ಬರೆದು ಕೈಗೆ ಕೊಡಿ ಅಂದರು. ನಾವು ಹಾಗೇ ಬರೆದು ಕೊಟ್ಟೆವು.

ಕೊಳಕು ನೀರಿನ ಕೆಲಸ ಅಂದರೆ ನನಗೆ ಮೊದಲಿಂದಲೂ ಹೇಸಿಗೆ, ಭಯ ಎರಡೂ ಇತ್ತು. ಅದನ್ನು ನನ್ನ ಕೈಯಲ್ಲೇ ಮಾಡಿಸಿದರು. ಟಾಯ್ಲೆಟ್ಟಿನದು ಬ್ಲ್ಯಾಕ್ ಟ್ಯಾಂಕ್. ಪಾತ್ರೆ ತೊಳೆದ, ಸ್ನಾನ ಮಾಡಿದ ನೀರಿನದು ಗ್ರೇ ಟ್ಯಾಂಕ್. ಖಾಲಿ ಮಾಡುವಾಗ ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಹಿಂದಿನಿಂದ ಬರುವ ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಒಳಚರಂಡಿಗೆ ಪೈಪ್ ಜೋಡಿಸಿ ದಿನಗಟ್ಟಲೆ ಇದ್ದರೂ ಬ್ಲ್ಯಾಕ್ ವಾಲ್ವ್ ಮುಚ್ಚಿಯೇ ಇರಬೇಕು. ತೆರೆದಿಟ್ಟರೆ ನೀರೆಲ್ಲ ಹರಿದುಹೋಗಿ ಗಟ್ಟಿ ಮಾತ್ರ ಉಳಿಯುತ್ತದೆ, ಗುಡ್ಡೆಯಾಗಿ ಒಣಗುತ್ತದೆ, ಆಮೇಲೆ ಅದನ್ನು ಬಿಡಿಸುವುದು ಬಹಳ ಕಷ್ಟ. ಟ್ಯಾಂಕ್ ಮುಕ್ಕಾಲು ತುಂಬಿದ ಮೇಲೆ ಒಂದೇ ಸಲ ವಾಲ್ವ್ ಎಳೆದರೆ ಎಲ್ಲ ರಭಸದಿಂದ ಹೋಗುತ್ತದೆ. ಟಾಯ್ಲೆಟ್ಟಿಗೆ ನೀರು ಧಾರಾಳವಾಗಿ ಬಿಡಬೇಕು, ಅಲ್ಲಿ ಉಳಿತಾಯ ಮಾಡಬಾರದು. ಇನ್ನು, ಗೋಡೆಯ ಮೇಲಿನ ದೀಪಗಳು ಟ್ಯಾಂಕ್ ತುಂಬಿದೆ ಅಂತ ತೋರಿಸಿದರೆ ನಂಬಬೇಡಿ. ಒಳಗೆ ಕಾಗದ ಅಂಟಿಕೊಂಡರೂ ಹಾಗೇ ತೋರಿಸುತ್ತವೆ. ಕೈಗವಸು ಹಾಕಿಕೊಂಡು, ಪೈಪಿನ ಎರಡೂ ತುದಿ ತಿರುಗಿಸಿ ಬಿಗಿಮಾಡಿ, ವಾಲ್ವ್ ಎಳೆದೆ. ಹತ್ತು ನಿಮಿಷದಲ್ಲಿ ಮುಗಿಯಿತು. ಆವತ್ತಿನಿಂದ ಇದು ನನ್ನದೇ ಕೆಲಸ.

ಗ್ಯಾಸಿನ ವಿಷಯ ಬೇಗ ಮುಗಿಸಿದರು, ಆದರೆ ಬೇಕಾದ್ದೆಲ್ಲ ಇತ್ತು. ಪ್ರೊಪೇನ್ ಗಾಳಿಗಿಂತ ಭಾರ, ಕೆಳಗೆ ಕೂರುತ್ತದೆ, ಅದಕ್ಕೇ ಅದರ ಅಲಾರಂ ನೆಲದ ಹತ್ತಿರ ಇರುತ್ತದೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇರೆ. ಎರಡಕ್ಕೂ ಆಯಸ್ಸಿದೆ, ಹಿಂದೆ ತಾರೀಖು ಬರೆದಿರುತ್ತದೆ. ಸಿಲಿಂಡರ್ ಜೋಡಿಸಿದ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ಅಂತ ನೋಡಬೇಕು.

ಮೊದಲ ಕೊರತೆ ಬ್ಯಾಟರಿ. ಅದಕ್ಕೆ ಅವರು ಕೊಟ್ಟದ್ದು ಐದೇ ನಿಮಿಷ. 'ಕರೆಂಟು ಇಲ್ಲದ ಕಡೆ ಬ್ಯಾಟರಿ ನೋಡ್ಕೊಳ್ಳಿ' ಅಂದರು, ಅಷ್ಟೇ. ಹೇಗೆ ನೋಡಿಕೊಳ್ಳಬೇಕು, ಲೆಕ್ಕ ಏನು, ಹೇಳಲಿಲ್ಲ. ಮೂರನೇ ಪ್ರಯಾಣದಲ್ಲಿ ಕರೆಂಟಿಲ್ಲದ ಜಾಗದಲ್ಲಿ ನಿಂತಿದ್ದೆವು. ರಾತ್ರಿ ಚಳಿ ಜಾಸ್ತಿ. ಒಳಗೆ ಬೆಚ್ಚಗಿಡುವ, ಗ್ಯಾಸಿನಲ್ಲಿ ಓಡುವ ಫರ್ನೇಸ್ ಹಾಕಿ ಮಲಗಿದೆವು. ಸಿಲಿಂಡರ್ ಎರಡೂ ತುಂಬಿದ್ದವು, ಚಿಂತೆ ಇಲ್ಲ ಅಂತ. ಬೆಳಗಿನ ಜಾವ ಮೂರು ಗಂಟೆಗೆ ಫ್ಯಾನಿನ ಸದ್ದು ಗೊರಗೊರ ಅಂತ ಇಳಿದು ನಿಂತೇಹೋಯಿತು. ದೀಪವೂ ಮಂಕು. ಉರಿಯುವುದು ಗ್ಯಾಸಿನಿಂದಲೇ, ಆದರೆ ಬಿಸಿಗಾಳಿ ತಳ್ಳುವ ಫ್ಯಾನ್ ಓಡುವುದು 12 ವೋಲ್ಟಿನ ಬ್ಯಾಟರಿಯಿಂದ! ಗ್ಯಾಸಿನಲ್ಲಿ ನಡೆಯುವ ಫ್ರಿಜ್ಜಿನ ಸರ್ಕ್ಯೂಟಿಗೂ ಅದೇ ಬ್ಯಾಟರಿ. ಬೆಳಗಾಗುವವರೆಗೂ ಇದ್ದಬದ್ದ ರಗ್ಗು ಹೊದ್ದುಕೊಂಡು ಕೂತಿದ್ದೆವು.

ಆಮೇಲೆ ನಾನೇ ಕಲಿತ ಲೆಕ್ಕ ಇದು. ನಮ್ಮದು ಸೀಸದ ಬ್ಯಾಟರಿ, 80 ಆಂಪ್-ಅವರ್, ಅಂದರೆ ಲೆಕ್ಕಕ್ಕೆ ಒಂದು ಆಂಪ್ ಎಳೆದರೆ 80 ಗಂಟೆ. ಅದು ಕೆಡದೆ ಬಾಳಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅಂದರೆ ಕೈಗೆ ಸಿಗುವುದು 40. ಫ್ಯಾನ್ ಸುಮಾರು 7 ಆಂಪ್ ಎಳೆದು, ರಾತ್ರಿಯ ಎಂಟು ಗಂಟೆಯಲ್ಲಿ ಅರ್ಧ ಹೊತ್ತು ಓಡಿದರೂ 28 ಆಯಿತು. ಸಂಜೆಯಿಡೀ ಹಚ್ಚಿದ ದೀಪ, ನೀರಿನ ಪಂಪು, ಅಲಾರಂ, ಫ್ರಿಜ್ಜು ಸೇರಿದರೆ ಮುಗಿದೇಹೋಯಿತು. ಜೊತೆಗೆ ನಾವು ಹೊರಡುವಾಗಲೇ ಬ್ಯಾಟರಿ ಪೂರ್ತಿ ತುಂಬಿರಲಿಲ್ಲ. ಈಗ ಒಂದು ಸಣ್ಣ ವೋಲ್ಟ್ ಮೀಟರ್ ಇಟ್ಟುಕೊಂಡಿದ್ದೇವೆ. ಏನೂ ಓಡದೆ ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ 12.6 ಅಥವಾ ಜಾಸ್ತಿ ಇದ್ದರೆ ತುಂಬಿದೆ, 12.1ರ ಹತ್ತಿರ ಬಂದರೆ ಅರ್ಧಕ್ಕೆ ಇಳಿದಿದೆ. ಇಷ್ಟನ್ನು ಒಂದು ಗಂಟೆ ಕೂರಿಸಿ ಹೇಳಿದ್ದರೆ ಆ ರಾತ್ರಿ ನೆಮ್ಮದಿಯಾಗಿ ಮಲಗುತ್ತಿದ್ದೆವು. ಟೀಚರಿಗೆ ಫೋನ್ ಮಾಡಿ ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ, 'ಇನ್ನು ಮೇಲೆ ಅದನ್ನೂ ಸೇರಿಸ್ತೀನಿ' ಅಂದರು. ಸೇರಿಸಿದ್ದಾರಾ ಅಂತ ನೀವು ಕೇಳಿ ನೋಡಿ.

ಎರಡನೇ ದಿನಕ್ಕೆ ಬರುತ್ತೇನೆ. ಮೊದಲು ತೂಕ. ಹೊಸಬರು ಯಾರೂ ಇದರ ಬಗ್ಗೆ ಯೋಚನೆಯನ್ನೇ ಮಾಡುವುದಿಲ್ಲ, ನಾವೂ ಮಾಡಿರಲಿಲ್ಲ. ಟ್ರೇಲರಿನ ಖಾಲಿ ತೂಕ 2,050 ಕೆ.ಜಿ., ಜಾಸ್ತಿ ಅಂದರೆ 2,700 ಕೆ.ಜಿ. ಇರಬಹುದು ಅಂತ ಅದರ ಮೈಮೇಲಿನ ಚೀಟಿಯಲ್ಲೇ ಇದೆ. 650 ಕೆ.ಜಿ. ಅಂದರೆ ಬೇಕಾದಷ್ಟಾಯಿತು ಅನ್ನಿಸುತ್ತದೆ ಅಲ್ವಾ? ನೀರಿನ ಟ್ಯಾಂಕ್ 150 ಲೀಟರ್, ತುಂಬಿಸಿದರೆ ಅದೊಂದೇ 150 ಕೆ.ಜಿ. ಪಾತ್ರೆ, ಹಾಸಿಗೆ, ಕುರ್ಚಿ, ಸಲಕರಣೆ ಸೇರಿಸುತ್ತಾ ಹೋದರೆ ಗೊತ್ತೇ ಆಗದಂತೆ ಏರುತ್ತದೆ. ಲಾರಿ ತೂಕ ಮಾಡುವ ಕಡೆಗೆ ಕರೆದುಕೊಂಡು ಹೋಗಿ ತೂಗಿಸಿದರು. ನಾವು ಪ್ರಯಾಣಕ್ಕೆ ಹೇರಿದ್ದ ಹಾಗೇ 2,400 ಕೆ.ಜಿ. ಬಂತು.

ಒಟ್ಟು ತೂಕ ಸರಿ ಇದ್ದರೆ ಸಾಲದು, ಅದು ಎಲ್ಲಿ ಕೂತಿದೆ ಅನ್ನುವುದು ಅದಕ್ಕಿಂತ ಮುಖ್ಯ ಅಂದರು. ಎತ್ತಿನ ಗಾಡಿಗೆ ಹೇರುವವರು ಮುಂಭಾರ ಹಿಂಭಾರ ನೋಡುತ್ತಾರಲ್ಲ, ಅದೇ ಲೆಕ್ಕ. ಟ್ರೇಲರಿನ ಮೂತಿ ಪಿಕಪ್ಪಿನ ಹಿಂದಿರುವ ಕೊಂಡಿಯ, ಅಂದರೆ ಹಿಚ್ಚಿನ ಮೇಲೆ ಕೂರುತ್ತದೆ. ತುಂಬಿದ ಟ್ರೇಲರಿನ ತೂಕದ 10ರಿಂದ 15 ಶೇಕಡಾ ಆ ಮೂತಿಯ ಮೇಲೆ ಇರಬೇಕು. ಕಡಿಮೆಯಾದರೆ ಓಡುವಾಗ ಟ್ರೇಲರ್ ಬಾಲ ಅಲ್ಲಾಡಿಸಿದ ಹಾಗೆ ಆ ಕಡೆ ಈ ಕಡೆ ಹೊಯ್ದಾಡುತ್ತದೆ. ಜೋರಾದರೆ ಪಿಕಪ್ಪನ್ನೂ ಸೇರಿಸಿ ಉರುಳಿಸುತ್ತದೆ. ನಮ್ಮ ಲೆಕ್ಕಕ್ಕೆ 240ರಿಂದ 360 ಕೆ.ಜಿ. ಇರಬೇಕಿತ್ತು. ಅವರ ಬಳಿ ಇದ್ದ ಮೂತಿ ತೂಗುವ ತಕ್ಕಡಿಯಲ್ಲಿ ಬಂದದ್ದು 210. ಹಿಂದಿನ ಬಂಪರಿನ ಮೇಲೆ ಎರಡು ಸೈಕಲ್, ಹಿಂದಿನ ಕಪಾಟಿನಲ್ಲಿ ಸಲಕರಣೆಯ ಪೆಟ್ಟಿಗೆ, ಅದರ ಪಕ್ಕ ಮಡಿಸುವ ಕುರ್ಚಿಗಳು. ಸೈಕಲ್ಲನ್ನು ಪಿಕಪ್ಪಿಗೆ ಹಾಕಿ, ಪೆಟ್ಟಿಗೆ ಕುರ್ಚಿಗಳನ್ನು ಮುಂದಿನ ಕಪಾಟಿಗೆ ತಂದೆವು. ಮತ್ತೆ ತೂಗಿದರೆ 290. ಕಣ್ಣಿಗೆ ಏನೂ ಬದಲಾವಣೆ ಕಾಣಲಿಲ್ಲ. ಆದರೆ ಆ ಮಧ್ಯಾಹ್ನ ಹೆದ್ದಾರಿಯಲ್ಲಿ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗ ಟ್ರೇಲರ್ ಕದಲಲಿಲ್ಲ.

ಈ 290 ಕೆ.ಜಿ. ಪಿಕಪ್ ಹೊರುವ ಭಾರದ ಲೆಕ್ಕಕ್ಕೂ ಸೇರುತ್ತದೆ. ಪಿಕಪ್ಪಿನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಅದು ಎಷ್ಟು ಹೊರಬಹುದು ಅಂತ ಇರುತ್ತದೆ. ಅದರಲ್ಲಿ ಈ ಮೂತಿಯ ಭಾರ, ಒಳಗೆ ಕೂರುವ ಜನ, ಹಿಂದೆ ಹಾಕಿದ ಸೈಕಲ್ ಎಲ್ಲ ಕಳೆಯಬೇಕು. ಎಳೆಯುವ ಶಕ್ತಿ ಎಷ್ಟು ಅಂತ ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುತ್ತಾರೆ. ಆದರೆ ಎಷ್ಟೋ ಸಲ ಅದಕ್ಕಿಂತ ಮೊದಲು ಈ ಹೊರುವ ಶಕ್ತಿ ಮುಗಿದುಹೋಗುತ್ತದೆ. ಟ್ರೇಲರ್ ಇನ್ನೂ ಕೊಳ್ಳದವರು ಈ ಒಂದು ಚೀಟಿಯನ್ನು ಓದಿಕೊಂಡು ಅಂಗಡಿಗೆ ಹೋಗಿ.

ಕಟ್ಟುವಾಗ ಅವರು ಕಲಿಸಿದ ಒಂದು ಉಪಾಯವನ್ನು ನಾನು ಒಮ್ಮೆಯೂ ಬಿಟ್ಟಿಲ್ಲ. ಮೂತಿಯ ತುದಿಯಲ್ಲಿರುವ ಕಪ್ಲರ್ ಹಿಚ್ಚಿನ ಗುಂಡಿನ ಮೇಲೆ ಕೂತು ಲಾಕ್ ಆದ ಮೇಲೆ, ಮೂತಿಯನ್ನು ಎತ್ತಿ ಇಳಿಸುವ ಟಂಗ್ ಜ್ಯಾಕಿನಿಂದ ಅದನ್ನು ಮತ್ತೆ ಸ್ವಲ್ಪ ಮೇಲಕ್ಕೆ ಎತ್ತಿ. ಪಿಕಪ್ಪಿನ ಹಿಂಭಾಗವೂ ಜೊತೆಗೆ ಏಳಬೇಕು. ಎದ್ದರೆ ಸರಿಯಾಗಿ ಹಿಡಿದಿದೆ. ಸರಪಳಿಗಳನ್ನು ಕೆಳಗೆ ಒಂದರ ಮೇಲೊಂದು ಅಡ್ಡ ಹಾಕಬೇಕು, ಕಳಚಿಕೊಂಡರೂ ಮೂತಿ ನೆಲಕ್ಕೆ ಬೀಳದೆ ಅದರ ಮೇಲೆ ನಿಲ್ಲುತ್ತದೆ. ಟ್ರೇಲರ್ ಕಳಚಿಕೊಂಡರೆ ಅದರ ಬ್ರೇಕ್ ತಾನಾಗಿ ಹಾಕಿಸುವ ಬ್ರೇಕ್‌ಅವೇ ಕೇಬಲನ್ನು ಸರಪಳಿಗೆ ಸಿಕ್ಕಿಸದೆ ಪಿಕಪ್ಪಿಗೇ ಬೇರೆಯಾಗಿ ಸಿಕ್ಕಿಸಬೇಕು. ಬಿಚ್ಚುವಾಗ ಅಕ್ಕಪಕ್ಕದ ಮಟ್ಟ ಮೊದಲು, ಚಕ್ರಕ್ಕೆ ಅಡ್ಡ ಕೊಡುವುದು ಆಮೇಲೆ, ಹಿಚ್ ಬಿಚ್ಚುವುದು ಅದಕ್ಕೂ ಆಮೇಲೆ. ಈ ಕ್ರಮ ತಪ್ಪಿದರೆ ಟ್ರೇಲರ್ ತಾನಾಗಿ ಉರುಳಿಕೊಂಡು ಹೋಗುತ್ತದೆ. ಮೂಲೆಗಳಲ್ಲಿ ಇಳಿಬಿಡುವ ಸ್ಟೆಬಿಲೈಜರ್ ಅಲ್ಲಾಡದಂತೆ ಹಿಡಿಯುವುದಕ್ಕೆ ಮಾತ್ರ, ಟ್ರೇಲರ್ ಎತ್ತುವುದಕ್ಕಲ್ಲ.

ಇನ್ನು ಹಿಂದಕ್ಕೆ ಹಾಕುವುದು. ಖಾಲಿ ಮೈದಾನದಲ್ಲಿ ನಾಲ್ಕು ಕೋನ್ ಇಟ್ಟು ಟ್ರೇಲರ್ ನಿಲ್ಲಿಸುವ ಒಂದು ಜಾಗ ಗುರುತು ಮಾಡಿದರು. ನಮ್ಮ ಯಜಮಾನರು ಮೊದಲು ಹೋದರು, ಐದು ಸಲದಲ್ಲಿ ಸರಿಯಾಗಿ ನಿಲ್ಲಿಸಿದರು. ಸರಿ, ಮುಗಿಯಿತು ಅಂತ ನಾನು ನೀರಿನ ಬಾಟಲಿ ತೆಗೆಯುತ್ತಿದ್ದೆ. 'ಈಗ ನೀವು' ಅಂದರು ಟೀಚರ್. 'ನಾನು ಓಡಿಸಲ್ಲ, ಇವರೇ ಓಡಿಸೋದು' ಅಂದೆ. 'ದಾರಿ ಮಧ್ಯೆ ಅವರಿಗೆ ಹುಷಾರು ತಪ್ಪಿದರೆ ಮನೆಗೆ ಹೇಗೆ ಬರ್ತೀರಿ?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಟಿಯರಿಂಗ್ ಹಿಡಿದೆ.

ಅವರು ಹೇಳಿಕೊಟ್ಟದ್ದು ಇಷ್ಟು. ಸ್ಟಿಯರಿಂಗಿನ ಕೆಳಭಾಗದಲ್ಲಿ ಒಂದು ಕೈ ಇಡಿ. ಟ್ರೇಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯನ್ನು ಅದೇ ಕಡೆಗೆ ಸರಿಸಿ. ಎಡಕ್ಕೆ ಬೇಕಾ, ಕೈ ಎಡಕ್ಕೆ. ಬಲಕ್ಕೆ ಬೇಕಾ, ಬಲಕ್ಕೆ. ಸರಿಸುವುದು ಸ್ವಲ್ಪ ಸ್ವಲ್ಪವೇ, ಗಾಡಿ ಬಸವನಹುಳುವಿನ ಹಾಗೆ ಹೋಗಬೇಕು. ಪಿಕಪ್ಪಿಗೂ ಟ್ರೇಲರಿಗೂ ನಡುವೆ ಮಡಿಕೆ ಜಾಸ್ತಿ ಆಗುತ್ತಿದೆ ಅನ್ನಿಸಿದ ಕೂಡಲೇ ನಿಲ್ಲಿಸಿ, ಮುಂದಕ್ಕೆ ಎಳೆದು ನೇರ ಮಾಡಿಕೊಂಡು ಮತ್ತೆ ಶುರು ಮಾಡಿ. ಅನುಮಾನ ಬಂದರೆ ಇಳಿದು ಹೋಗಿ ನೋಡಿ ಬನ್ನಿ, ನಾಚಿಕೆ ಬೇಡ. ಮೊದಲ ಸಲ ನನ್ನ ಟ್ರೇಲರ್ ಪೂರ್ತಿ ಬೇರೆ ಕಡೆಗೆ ಹೋಯಿತು. ಮೂರನೆಯದರಲ್ಲಿ ಒಂದು ಕೋನ್ ಚಕ್ರದ ಕೆಳಗೆ ಬಂತು. ಅವರು ಏನೂ ಅನ್ನಲಿಲ್ಲ, ಕೋನನ್ನು ತಂದು ಅದೇ ಜಾಗದಲ್ಲಿ ಇಟ್ಟರು. ಏಳನೇ ಸಲ ಎಡಗಡೆಯ ಕನ್ನಡಿಯಲ್ಲಿ ಎರಡು ಕೋನ್‌ಗಳ ನಡುವೆ ಟ್ರೇಲರಿನ ಚಕ್ರ ಮೆಲ್ಲಗೆ ಒಳಗೆ ಜಾರಿಕೊಂಡು ಬರುವುದು ಕಾಣಿಸಿತು. ಕೈ ತಾನಾಗೇ ಸರಿಯುತ್ತಿತ್ತು. ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿದಾಗ ಕಣ್ಣಲ್ಲಿ ನೀರು ಬಂದಿತ್ತು.

ಹಿಂದೆ ನಿಂತು ದಾರಿ ತೋರಿಸುವವರಿಗೂ ಪಾಠ ಇತ್ತು. 'ಬಾ ಬಾ, ಇನ್ನೂ ಸ್ವಲ್ಪ, ಆ ಕಡೆ' ಅಂತ ಕೂಗುವುದು ನಿಷೇಧ. ಯಾವ ಕಡೆ ಅಂತ ಇಬ್ಬರಿಗೂ ಬೇರೆ ಬೇರೆ ಅರ್ಥವಾಗುತ್ತದೆ, ಜಗಳ ಹುಟ್ಟುವುದೇ ಅಲ್ಲಿ. ಮೂರು ಕೈಸನ್ನೆ ಮಾತ್ರ. ಕನ್ನಡಿಯಲ್ಲಿ ಹಿಂದೆ ನಿಂತವರು ಕಾಣದೇ ಹೋದರೆ ತಕ್ಷಣ ಬ್ರೇಕ್. ಮೇಲೆ ಮರದ ಕೊಂಬೆ ಇದೆಯಾ ಅಂತ ನೋಡುವುದೂ ಹಿಂದೆ ನಿಂತವರ ಕೆಲಸ. ನಮ್ಮ ಟ್ರೇಲರಿನ ಎತ್ತರವನ್ನು ಪುಸ್ತಕದಿಂದ ತಗೊಳ್ಳದೆ, ಮೇಲಿನ ಎಸಿಯ ನೆತ್ತಿಯವರೆಗೂ ಟೇಪ್ ಹಿಡಿಸಿ ಅಳೆಸಿದರು. 11 ಅಡಿ 2 ಇಂಚು. ಚೀಟಿ ಬರೆದು ಸ್ಟಿಯರಿಂಗ್ ಪಕ್ಕ ಅಂಟಿಸಿದ್ದೇವೆ.

ಟೈರಿನ ಬಗ್ಗೆ ಹೇಳಿದ್ದು ಚುಟುಕು. ಟೈರಿನ ಮೈಮೇಲೆ ತಯಾರಾದ ವಾರ, ವರ್ಷ ನಾಲ್ಕು ಅಂಕಿಯಲ್ಲಿ ಇರುತ್ತದೆ. 2319 ಅಂದರೆ 2019ರ 23ನೇ ವಾರ. ಟ್ರೇಲರ್ ಟೈರು ಸವೆಯುವ ಮುಂಚೆ ವಯಸ್ಸಾಗಿ ಒಡೆಯುತ್ತದೆ, ಐದಾರು ವರ್ಷಕ್ಕೆ ಬದಲಾಯಿಸಿ ಅಂದರು. ಎಷ್ಟೋ ಟ್ರೇಲರ್ ಟೈರುಗಳಿಗೆ ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿ.ಮೀ. ಮಿತಿ ಇರುತ್ತದೆ.

ಎರಡನೇ ಕೊರತೆ ಚಾವಣಿ. ನನಗೆ ಇದು ಬ್ಯಾಟರಿಗಿಂತ ದೊಡ್ಡ ಕೊರತೆ ಅನ್ನಿಸುತ್ತದೆ. ಆರ್‌ವಿ ಹಾಳಾಗುವುದು ಜಾಸ್ತಿ ನೀರು ಸೋರಿ. ಚಾವಣಿಯಲ್ಲಿ ಗಾಳಿಕಿಂಡಿ, ಎಸಿ, ಪೈಪು ಹೊರಗೆ ಬರುವ ಕಡೆಯೆಲ್ಲ ನೀರು ಇಳಿಯದಂತೆ ಸೀಲೆಂಟ್ ಅನ್ನುವ ಅಂಟು ಹಚ್ಚಿರುತ್ತಾರೆ. ಬಿಸಿಲಿಗೆ ಅದು ಬಿರಿಯುತ್ತದೆ, ಕೂದಲೆಳೆಯಷ್ಟು ಬಿರುಕಾದರೂ ನೀರು ಒಳಗೆ ಇಳಿಯುತ್ತದೆ. ಒಳಗಿನ ಮರ ಕೊಳೆತು ಗೋಡೆ ಉಬ್ಬುವ ಹೊತ್ತಿಗೆ ಕಾಲ ಮೀರಿರುತ್ತದೆ. ಟೀಚರ್ ಕೆಳಗೆ ನಿಂತೇ ಇದನ್ನು ಬಾಯಲ್ಲಿ ಹೇಳಿದರು, ಏಣಿ ಹತ್ತಿಸಲಿಲ್ಲ. ಎರಡು ತಿಂಗಳಾದ ಮೇಲೆ ನಾನೇ ಹತ್ತಿ ನೋಡಿದಾಗ ಸ್ನಾನದ ಕೋಣೆಯ ಗಾಳಿಕಿಂಡಿಯ ಅಂಚಿನಲ್ಲಿ ಬೆರಳಿನಷ್ಟು ಉದ್ದದ ಬಿರುಕು ಸಿಕ್ಕಿತು. ಒರೆಸಿ, ಒಣಗಿಸಿ, ಚಾವಣಿಗೆ ಹೊಂದುವ ಸೀಲೆಂಟ್ ಹಚ್ಚಿದೆವು. ಇದನ್ನು ಕೈಯಿಂದ ಮಾಡಿಸಬೇಕಿತ್ತು. ಚಳಿಗಾಲಕ್ಕೆ ನೀರು ಖಾಲಿ ಮಾಡಿ ಪೈಪುಗಳಿಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬುವ ಪಾಠವೂ ಇದರಲ್ಲಿ ಇಲ್ಲ, ಅದು ಬೇರೆ ದಿನಕ್ಕೆ ಅಂತೆ. ಅವರು ಕೊಟ್ಟ ಚೀಟಿಗಳ ಅಕ್ಷರವೂ ತೀರಾ ಸಣ್ಣದು. ನಾನು ಎಲ್ಲವನ್ನೂ ಒಂದು ನೋಟ್‌ಬುಕ್ಕಿಗೆ ದೊಡ್ಡದಾಗಿ ಬರೆದುಕೊಂಡೆ.

ಪಾಠದ ಕೊನೆಗೆ ಕೊಟ್ಟ ಮನೆಗೆಲಸ ಮಾತ್ರ ಚಿನ್ನದಂಥದ್ದು. ಎಲ್ಲಿಗೂ ಹೋಗಬೇಡಿ, ಮನೆ ಮುಂದೆಯೇ ಟ್ರೇಲರಿನಲ್ಲಿ ಎರಡು ರಾತ್ರಿ ಇರಿ, ಏನೇ ಬೇಕಾದರೂ ಮನೆಯೊಳಗೆ ಹೋಗಬೇಡಿ ಅಂದರು. ಮೊದಲ ರಾತ್ರಿಯೇ ಕೇಳಿಸಿತು. ಯಾವ ನಲ್ಲಿಯೂ ತೆರೆದಿಲ್ಲ, ಆದರೂ ಹತ್ತು ನಿಮಿಷಕ್ಕೊಮ್ಮೆ ನೀರಿನ ಪಂಪು ಗುರ್ರ್ ಅಂತ ಒಂದು ಕ್ಷಣ ಓಡಿ ನಿಲ್ಲುತ್ತಿತ್ತು. ಪಂಪು ಸುಮ್ನೆ ಓಡಿದರೆ ಎಲ್ಲೋ ಒತ್ತಡ ಇಳಿಯುತ್ತಿದೆ, ಅಂದರೆ ಸೋರುತ್ತಿದೆ ಅಂತ ಅವರು ಹೇಳಿದ್ದು ನೆನಪಾಯಿತು. ಟಾರ್ಚ್ ಹಿಡಿದು ಪೈಪಿನ ಜೊತೆಜೊತೆಗೆ ಕೈ ಆಡಿಸುತ್ತಾ ಹೋದೆ. ಸಿಂಕಿನ ಕೆಳಗಿನ ಜೋಡಣೆಯಲ್ಲಿ ಬೆರಳು ಒದ್ದೆಯಾಯಿತು. ಕೈಯಲ್ಲೇ ಅರ್ಧ ಸುತ್ತು ತಿರುಗಿಸಿದೆ, ಪಂಪು ಸುಮ್ಮನಾಯಿತು.

ಬುಕ್ ಮಾಡುವವರಿಗೆ ಕೊನೆಯದಾಗಿ ಒಂದೆರಡು ಮಾತು. ಅವರು ಬರುವ ಹಿಂದಿನ ದಿನವೇ ನೀರು ತುಂಬಿಸಿ, ಗ್ಯಾಸ್ ತುಂಬಿಸಿ, ನಿಜವಾಗಿ ಪ್ರಯಾಣಕ್ಕೆ ಹೊರಟಂತೆ ಎಲ್ಲ ಹೇರಿಡಿ. ಖಾಲಿ ಟ್ರೇಲರ್ ಇಟ್ಟುಕೊಂಡರೆ ತೂಕದ ಪಾಠ ದಂಡ. ಒಂದು ಏಣಿ ತಂದಿಟ್ಟು, ಚಾವಣಿಗೆ ಹತ್ತಿಸಿ ಅಂತ ನೀವೇ ಕೇಳಿ. ಬ್ಯಾಟರಿಗೆ ಒಂದು ಗಂಟೆ ಬೇಕು ಅಂತ ಫೋನಿನಲ್ಲೇ ಹೇಳಿಬಿಡಿ. ಗಂಡ ಹೆಂಡತಿ ಇಬ್ಬರೂ ಎರಡೂ ದಿನ ಇರಿ, ಇಬ್ಬರೂ ಓಡಿಸಿ. ಆ ದಿನ ಮಳೆ ಬಂದರೆ ಮುಂದೂಡಬೇಡಿ. ನಮ್ಮ ಎರಡನೇ ದಿನದ ಸಂಜೆ ಸಣ್ಣಗೆ ಮಳೆ ಹನಿಯಿತು. ಕನ್ನಡಿ ಮಸುಕಾಗಿದ್ದಾಗ ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ ಟ್ರೇಲರ್ ಹಿಂದಕ್ಕೆ ಹಾಕುವುದನ್ನು ಪಕ್ಕದಲ್ಲಿ ಹೇಳಿಕೊಡುವವರು ನಿಂತಿದ್ದಾಗಲೇ ನಾನು ಕಲಿತದ್ದು.